ಓರೆ

ನವೆಂಬರಿನ ಮಂಗಳವಾರ. ಡುಲೂತಿನ ಬಂದರು ಬೀದಿ.
ಅದಿರು ಹೊತ್ತ ಕೊನೆಯ ಹಡಗುಗಳು
ಗಂಟಲು ಸರಿಮಾಡಿಕೊಳ್ಳುವ ಹೊತ್ತು.
ಹೌಗನ್ ಬಾರಿನ ಹಿಂಕೋಣೆಯಲ್ಲಿ ಮೂರು ಪೂಲ್ ಟೇಬಲ್ಲು,
ಇಪ್ಪತ್ತೆರಡು ಜನ, ಗೆದ್ದವರಿಗೆ ನಾನೂರು ಡಾಲರು,
ಜೊತೆಗೆ ಕಾಗದದಲ್ಲಿ ಸುತ್ತಿದ ಹೊಗೆಮೀನು.
ತೀರ್ಪು ನನ್ನದು. ಯಾಕೆಂದರೆ
ಮಂಡಿನೋವು, ಆಡಲಾರೆ;
ಮತ್ತೆ, ನನ್ನ ಕೈಬರಹ ಚೆನ್ನಾಗಿದೆ.

ಸೇಂಟ್ ಪಾಲಿನಿಂದ ಬಂದಿದ್ದ ಪಾವ್ ಮುವಾ,
ಹಿಮದಲ್ಲಿ ಮೂರು ಗಂಟೆ ಕಾರು ಓಡಿಸಿ.
ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದ,
ಈರುಳ್ಳಿ ಸಿಪ್ಪೆಯಷ್ಟು ತೆಳು, ಮೈತುಂಬ ಕಣ್ಣು.
ಅದನ್ನು ಹಾಸಿ ಚೆಂಡು ಇಟ್ಟರೆ ಸಾಕು,
ಒಂಬತ್ತೂ ಕೆನ್ನೆಗೆ ಕೆನ್ನೆ ಒತ್ತಿ ಕೂರುತ್ತವೆ.
ನಡುವೆ ಉಸಿರೂ ತೂರದು.

ಮೊದಲ ಬ್ರೇಕಿಗೇ ಅಂಚಿನ ಚೆಂಡು ಮೂಲೆಗೆ ಬಿತ್ತು.
ಎರಡನೆಯದಕ್ಕೂ ಅದೇ ಚೆಂಡು, ಅದೇ ಮೂಲೆ.
ಮೂರನೆಯದಕ್ಕೆ ಎಲ್‌ರಾಯ್ ಹೌಗನ್ ಗ್ಲಾಸು ಕೆಳಗಿಟ್ಟ.
“ಇದು ಆಟವಲ್ಲ, ಬಿಸ್ಕತ್ತಿನ ಅಚ್ಚು.
ಇಲ್ಲಿ ಮರದ ತ್ರಿಕೋನ, ನಮ್ಮಪ್ಪನ ಕಾಲದಿಂದ.”
“ನಿಮ್ಮಪ್ಪನ ತ್ರಿಕೋನದ ಮೂಲೆ ಸಡಿಲ,” ಎಂದ ಪಾವ್, ಮೆಲ್ಲಗೆ.
“ಮುಂದಿನ ಚೆಂಡು ಹಿಂದಿನೆರಡನ್ನು ಮುಟ್ಟುವುದೇ ಇಲ್ಲ.
ಜೋಡಿಸಿಕೊಡುವವನು ಎದುರಾಳಿ.
ಅವನ ಬೆರಳು ಏನು ಮಾಡಿತೆಂದು
ನಾನು ಹೇಗೆ ನೋಡಲಿ?”

ನೋಡೋಣ ಎಂದರು ಎಲ್ಲರೂ. ಬಗ್ಗಿದರು.
ಟೊಯ್ವೊ ಮೊಬೈಲಿನ ಬೆಳಕು ಹಿಡಿದ.
ಸಂದು ಇದೆ. ಇಲ್ಲ. ಇದೆ,
ಸಿಗರೇಟಿನ ಕಾಗದ ತೂರುತ್ತೆ, ನೋಡು.
ನೀನು ಊದಿದೆ, ಅದಕ್ಕೇ ತೂರಿತು.
ನಾನ್ಯಾಕೆ ಊದಲಿ, ನನಗೆ ಅಸ್ತಮಾ.
ಬೆಳೆದ ಗಂಡಸರು, ಕ್ರೇನು ನಡೆಸುವವರು, ಒಬ್ಬ ಪಾದ್ರಿ,
ಕೂದಲೆಳೆಯಷ್ಟು ಕತ್ತಲೆಗೆ
ಕತ್ತು ನೋಯುವವರೆಗೆ ಮುಖವಿಟ್ಟರು.

ನಿಯಮದ ಹಾಳೆ ತೆಗೆದೆ. ಬಿಯರಿನ ಕಲೆಯ ಸುತ್ತ
ಎರಡೇ ಸಾಲು: ಚಾಕು ವಾಪಸಲ್ಲ, ಚಾಕ್ ವಾಪಸು ಕೊಡಿ;
ಏಳು ಗಂಟೆಯೊಳಗೆ ಬೈಗುಳ ಬೇಡ.
ಮರವೇ ಆಗಲಿ, ಎಲ್ಲರಿಗೂ, ಎಂದೆ.
ಪಾವ್ ಹಾಳೆಯನ್ನು ತೋಳಿಗೆ ಒರೆಸಿ
ಲಕೋಟೆಗೆ ಹಾಕಿದ. “ಸರಿ,” ಎಂದ.
ಜಗಳವಾಡಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಮೂರನೆಯ ಟೇಬಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ.
ಈ ಊರಿನ ನೆಲವೆಲ್ಲ ಸರೋವರದ ಕಡೆಗೇ ವಾಲಿದ್ದು.
ಒಂದು ಕಾಲಿನಡಿ ಮಡಿಸಿಟ್ಟ ರಟ್ಟು ಸವೆದು ವರ್ಷಗಳಾದವು.
ನಡುವಿನ ಪಾಕೆಟ್ಟು ದಾಟಿದ ನಿಧಾನದ ಚೆಂಡು
ಕಿಟಕಿಯ ಕಡೆಗೆ ಒಂದು ಬೆರಳು ಸರಿಯುತ್ತದೆ.
ಗಂಡನ ಗೊರಕೆಯಂತೆ ಅದು ನಮಗೆ ಗೊತ್ತು;
ಬಾಯಿಲ್ಲದ ಕಡೆಗೆ ಗುರಿಯಿಟ್ಟು ಬಾಯಿಗೆ ಹಾಕುತ್ತೇವೆ.

ಫೈನಲ್ಲಿಗೆ ಚೀಟಿ ಎತ್ತಿದೆ. ಮೋಸವಿಲ್ಲ.
ಮೂರು ಎಂದು ಬಂತು.
ಇನ್ನೊಮ್ಮೆ ಎತ್ತಬಹುದಿತ್ತು.

ಎಲ್‌ರಾಯ್ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು.
ಪಾವ್‌ಗೆ ಜೋಡಿಸಿಕೊಡುವಾಗ ಪ್ರತಿಸಲ
ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದ,
ಕರೆದು ತೋರಿಸಿದ, ಮತ್ತೆ ಒತ್ತಿದ.
ನಾಲ್ಕಕ್ಕೆ ನಾಲ್ಕು. ಉಳಿದದ್ದು ಒಂಬತ್ತನೆಯದೊಂದು,
ನೇರ, ಮಗುವೂ ಹಾಕುವಂಥದು.
ಪಾವ್ ಸವರಿದಂತೆ ಹೊಡೆದ.
ಚೆಂಡು ಹೋಯಿತು, ಹೋಯಿತು,
ಏನೋ ನೆನಪಾದಂತೆ ಕಿಟಕಿಯತ್ತ ತಿರುಗಿ
ಪಾಕೆಟ್ಟಿನ ತುಟಿಗೆ ತಾಗಿ ನಿಂತಿತು.
ಎಲ್‌ರಾಯ್ ಅದನ್ನು ಒಳಗೆ ತಳ್ಳಿದ. ಚಪ್ಪಾಳೆ.

ಪಾವ್ ನಮ್ಮನ್ನು ನೋಡಲಿಲ್ಲ.
ಬಿಳಿ ಚೆಂಡನ್ನು ಟೇಬಲ್ಲಿನ ನಡುವಿಟ್ಟು
ಬೆರಳು ತೆಗೆದ.
ಒಂದು ಕ್ಷಣ ಅದು ನಮ್ಮ ಪರವಾಗಿ ನಿಂತಿತ್ತು.
ಆಮೇಲೆ ಹೊರಟಿತು, ಅವಸರವಿಲ್ಲದೆ.
ಇಪ್ಪತ್ತೆರಡು ಜನ ನೋಡಿದೆವು.
ಟುಕ್.
ಕೋಟು ಹಾಕಿಕೊಂಡು, ನನಗೆ ಥ್ಯಾಂಕ್ಸ್ ಹೇಳಿ ಹೋದ.

ಈಗ ಗೋಡೆಯ ಮೇಲೆ ಹೊಸ ಹಾಳೆಯಿದೆ:
“ಬಾರಿನ ತ್ರಿಕೋನ ಮಾತ್ರ.”
ಬರೆದದ್ದು ನಾನೇ, ಸ್ಕೇಲು ಇಟ್ಟು; ಸಾಲು ಎಲ್ಲೂ ವಾಲಿಲ್ಲ.
ಕೆಳಗೆ ಇನ್ನೊಂದು ಸಾಲಿಗೆ
ಜಾಗವಿದೆ.