ಒಂದೇ ಕಂಬಿಯ ಕೆಳಗೆ

ಆಲ್ಟೂನಾದ ಆಚೆ, ಬೆಟ್ಟದ ಮಗ್ಗುಲ ಪಾರ್ಕಿನಲ್ಲಿ
ಡಿಸೆಂಬರಿನ ಸಂಜೆ ನಾಲ್ಕಕ್ಕೇ ದೀಪ ಹಾಕಿದ್ದರು.
ಟಿಕೆಟ್ಟು ಅರ್ಧ ಬೆಲೆ. ಕಾಯುವುದೇ ಇಲ್ಲ.
ಬೇಸಿಗೆಯಲ್ಲಿ ಜನ ಗಂಟೆಗಟ್ಟಲೆ ತೆವಳುವ ಕಟಕಟೆಯೊಳಗೆ
ಹಿಮ ಒಂದೇ ನಿಂತಿತ್ತು, ತನ್ನ ಸರದಿಗೆ.

ಹತ್ತಬೇಕೆಂದು ಹತ್ತಿದವಳಲ್ಲ ನಾನು.
ಭಾವನ ಮಗಳು ಇಂಚರ, ಆರು ವರ್ಷ,
ಅಳತೆಯ ಕೋಲಿಗಿಂತ ಎರಡು ಬೆರಳು ಗಿಡ್ಡ.
"ನೀವಿಬ್ರೂ ಹೋಗಿ ಬಂದು ಹೇಳಿ,
ಒಬ್ರೇ ಹೇಳಿದ್ರೆ ನಂಬಲ್ಲ" ಅಂದಳು.

ಇಬ್ಬರು ಅಂದರೆ ನಾನು, ನನ್ನ ಹಿರಿಯ ಓರಗಿತ್ತಿ ವನಮಾಲಾ.
ಹನ್ನೊಂದು ತಿಂಗಳಿಂದ ಮಾತಿಲ್ಲ.
ಕಾರಣ ಕೇಳಿದರೆ ನಗುತ್ತೀರಿ: ಒಂದು ಇಡ್ಲಿ ಪಾತ್ರೆ,
ಆಮೇಲೆ ಪಾತ್ರೆಯ ಬಗ್ಗೆ ಆಡಿದ ಒಂದು ಮಾತು,
ಆಮೇಲೆ ಆ ಮಾತನ್ನು ಹೊತ್ತು ತಂದವರ ಬಗ್ಗೆ ಇನ್ನೊಂದು.
ಅಣ್ಣತಮ್ಮಂದಿರು ಕೆಳಗೆ, ನಮ್ಮ ಚೀಲಗಳನ್ನು ಕೊರಳಿಗೆ ಹಾಕಿಕೊಂಡು
ಕೋಕೋ ಊದುತ್ತ ನಿಂತಿದ್ದರು, ಪರಮ ಸುಖಿಗಳು.

ಮರದ ಕೋಸ್ಟರು, ಹಳೇ ಕಾಲದ್ದು.
ಸೀಟಿಗೆ ಒಂದೇ ಕಂಬಿ, ಇಬ್ಬರ ತೊಡೆಗೂ ಸೇರಿ.
ನನ್ನ ಗಾತ್ರಕ್ಕೆ ನಿಂತ ಕಂಬಿ
ಅವಳ ಹೊಟ್ಟೆಯಿಂದ ಒಂದು ಗೇಣು ದೂರವೇ ಉಳಿಯಿತು.
ಅದನ್ನೂ ನನ್ನ ಲೆಕ್ಕಕ್ಕೆ ಬರೆದುಕೊಂಡಳೆಂದು ಮುಖದಲ್ಲೇ ಗೊತ್ತಾಯಿತು.

ಸರಪಳಿ ಹಿಡಿದೆಳೆಯಿತು. ಕಟಕಟ, ಕಟಕಟ.
ಮೇಲೇರಿದಂತೆ ಊರು ಬಿಳಿ ಬಟ್ಟೆ,
ರೈಲು ಹಳಿಗಳು ಅದರ ಮೇಲೆ ಯಾರೋ ಅವಸರದಲ್ಲಿ ಹಾಕಿದ ಕಪ್ಪು ಹೊಲಿಗೆ.
ತುದಿಯಲ್ಲಿ ಒಂದು ಕ್ಷಣ
ನನ್ನ ಉಸಿರು, ಅವಳ ಉಸಿರು, ಎರಡೂ ಹೊಗೆ,
ಯಾವುದು ಯಾರದೆಂದು

ಬಿತ್ತು.

ಬೀಳುವಾಗ ಹೊಟ್ಟೆ ಹಿಂದೆ ಉಳಿಯುತ್ತದೆ ಎಂದು ಕೇಳಿದ್ದೆ.
ಚಳಿಯಲ್ಲಿ ಹಾಗಲ್ಲ. ಮುಖ ಹಿಂದೆ ಉಳಿಯುತ್ತದೆ.
ಕಣ್ಣೀರು ಕೆನ್ನೆಗಿಳಿಯದೆ ಅಡ್ಡಡ್ಡ ಓಡಿ ಕಿವಿ ಸೇರುತ್ತದೆ.
ಹಿಡಿ ಹಿಡಿ ಸಾಸಿವೆ ಎರಚಿದಂತೆ ಹಿಮದ ಕಾಳು,
ಕಿರುಚಲು ಬಾಯಿ ತೆರೆದರೆ ಹಲ್ಲಿನ ಬೇರಿಗೂ ಗಾಳಿ.
ತಿರುವಿಗೆ ಅವಳು ನನ್ನ ಮೇಲೆ.
ಮುಂದಿನ ತಿರುವಿಗೆ ನಾನು ಅವಳ ಮೇಲೆ.
ಮುಖ ತಿರುಗಿಸಿಕೊಳ್ಳಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಕೊನೆಯ ದಿಣ್ಣೆಗೆ ಗಾಡಿ ಏರಿತು. ಏರಿ, ಯೋಚಿಸಿ,
ಹಿಂದಕ್ಕೆ ಜಾರಿತು.
ಚಳಿಗೆ ಗ್ರೀಸು ಗಟ್ಟಿಯಾಗಿತ್ತಂತೆ, ಆಮೇಲೆ ಹೇಳಿದರು.
ಆ ದಿಣ್ಣೆಗೆ ಅರ್ಧ, ಈ ದಿಣ್ಣೆಗೆ ಅರ್ಧಕ್ಕೂ ಕಮ್ಮಿ,
ಮುಂದಕ್ಕೆ, ಹಿಂದಕ್ಕೆ,
ತೂಗುವವರೇ ತೂಕಡಿಸಿಬಿಟ್ಟ ತೊಟ್ಟಿಲು,
ತಗ್ಗಿನಲ್ಲಿ ನಿಂತಿತು.

ಗಾಡಿಯಲ್ಲಿ ನಾವಿಬ್ಬರು, ಎಲ್ಲಕ್ಕಿಂತ ಹಿಂದೆ ಒಬ್ಬ ಹುಡುಗ.
ಇಷ್ಟು ಹೊತ್ತೂ ಕೆನ್ನೆಗೆ ಬಾರಿಸಿದ ಹಿಮ
ಈಗ ಸಂಭಾವಿತನಾಗಿ ಇಳಿಯಿತು,
ಕಂಬಿಯ ಮೇಲೆ, ಅವಳ ಹುಬ್ಬಿನ ಮೇಲೆ, ನನ್ನ ಮಂಡಿಯ ಮೇಲೆ.
ನನ್ನ ಎಡಗೈ ಗ್ಲೌಸು ಯಾವ ತಿರುವಿನಲ್ಲೋ ಹಾರಿಹೋಗಿತ್ತು.
ಬರಿಗೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡೆ.
ನೋಡಿದಳು.
ತನ್ನದೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು
ಕಂಬಿಯ ನಟ್ಟನಡುವೆ ಇಟ್ಟಳು,
ಕೊಟ್ಟೆ ಎಂದಾಗದ ಹಾಗೆ.
ತೆಗೆದುಕೊಂಡೆ ಎಂದಾಗದ ಹಾಗೆ ನಾನೂ ತೊಟ್ಟೆ.
ಒಳಗೆ ಅವಳ ಬೆರಳುಗಳ ಬಿಸಿ ಇನ್ನೂ ಎದ್ದು ಹೋಗಿರಲಿಲ್ಲ.

ಇಪ್ಪತ್ತು ನಿಮಿಷ.
ಹಳಿ ಪಕ್ಕದ ಹಲಗೆ ಮೇಲೆ ಟಾರ್ಚು ಹಿಡಿದು ಇಬ್ಬರು ಬಂದರು,
ಉಪ್ಪು ಎರಚುತ್ತ, ಒಬ್ಬನ ಕೈಯಲ್ಲಿ ಸುತ್ತಿಗೆ.
ಆಗ ಬಾಯಿ ಬಿಟ್ಟಳು ವನಮಾಲಾ:
"ನಿನ್ನ ಮೂಗು ಸೋರ್ತಿದೆ."

"ನಿಮ್ದೂ" ಅಂದೆ.
'ಅಕ್ಕ' ಎಂಬುದು ನಾಲಗೆ ತುದಿಯವರೆಗೆ ಬಂದು
ಆ ಗಾಡಿಯಂತೆಯೇ ಹಿಂದಕ್ಕೆ ಜಾರಿತು.

ಸುತ್ತಿಗೆಯವನು ಎರಡು ಏಟು ಹಾಕಿದ. ಕಂಬಿ ಎದ್ದಿತು,
ಇಬ್ಬರಿಗೂ ಒಟ್ಟಿಗೇ.

ಕೆಳಗೆ ಇಂಚರ, "ಹೇಗಿತ್ತು? ಹೇಗಿತ್ತು?"
ಅವಳು "ಭಯಂಕರ" ಅಂದಳು. ನಾನು "ಏನಿಲ್ಲ, ತೊಟ್ಟಿಲು" ಅಂದೆ.
ಮಗು ಇಬ್ಬರನ್ನೂ ನಂಬಲಿಲ್ಲ.

ಇಡ್ಲಿ ಪಾತ್ರೆ ಇನ್ನೂ ಅವಳ ಮನೆಯಲ್ಲೇ ಇದೆ.
ಗ್ಲೌಸು ನನ್ನಲ್ಲಿ.