ಮಡಗಾಂವ್ ಕೋರ್ಟಿನಲ್ಲಿ ಒಂದು ಕ್ರಿಯಾಪದ

ವಾಸ್ಕೋದಿಂದ ಎಂಟೂಕಾಲರ ಬಸ್ಸು, ಕಂಕುಳಲ್ಲಿ ನಿಘಂಟು.
ದಿನಕ್ಕಿಷ್ಟೆಂದು ಭತ್ಯೆ, ಚಹಾದ ದುಡ್ಡು ನನ್ನದೇ.
ಕೆಲಸವೇನು ದೊಡ್ಡದಲ್ಲ:
ಕನ್ನಡ ಕಿವಿಯಲ್ಲಿ ಹೊಕ್ಕು
ಇಂಗ್ಲಿಷಾಗಿ ಬಾಯಿಂದ ಬೀಳಬೇಕು.
ನಡುವೆ ನಾನಿರಕೂಡದು.

ಕಟಕಟೆಯಲ್ಲಿ ನೀಲವ್ವ ಮ್ಯಾಗೇರಿ, ರೋಣ ತಾಲೂಕು,
ಸದ್ಯ ಝುವಾರಿನಗರದ ತಗಡಿನ ಸಾಲು.
ಸಿಮೆಂಟು ಕಚ್ಚಿದ ಉಗುರು ಸೆರಗಿನೊಳಗೆ.
ಗೋಡೆ ಬಿದ್ದ ದಿನದ್ದು ಹೇಳಮ್ಮ, ಎಂದೆ.

"ಗ್ವಾಡಿ ಬಿರುಕಿನ ಸುದ್ದಿ
ಮುಕಾದಮನ ಹಂತೇಕ ಕೇಳಿದ್ನಿರಿ."

ಅಲ್ಲೇ ನಿಂತೆ.
ವಕೀಲ ಸಾವೈಕರ್ ಕನ್ನಡಕ ಹಣೆಗೇರಿಸಿ ಕಾಯುತ್ತಿದ್ದರು,
ಮೀನು ಕೊಳ್ಳುವವರು ಕಿವಿರು ಎತ್ತಿ ನೋಡಿದ ಹಾಗೆ
ನನ್ನ ಬಾಯಿಯನ್ನೇ ನೋಡುತ್ತ.

ಹಿಯರ್ ಎಂದರೆ ಅವಳಿಗೆ ಮೊದಲೇ ಗೊತ್ತಿತ್ತು,
ಗೊತ್ತಿದ್ದೂ ತಂಗಿಯನ್ನು ಅಲ್ಲಿ ಕೂಡಗೊಟ್ಟಳು.
ಲಿಸನ್ ಎಂದರೆ ಬುಟ್ಟಿ ಇಳಿಸಿ, ಮರೆಯಲ್ಲಿ ನಿಂತು
ಯಾರದೋ ಮಾತಿಗೆ ಕಿವಿಗೊಟ್ಟಳು.
ಆಸ್ಕ್ ಎಂದರೆ
ನಾಳಿನ ಕೂಲಿ ಪಣಕ್ಕಿಟ್ಟು ಬಾಯಿ ತೆರೆದಳು.
ಇಂಗ್ಲಿಷಿನಲ್ಲಿ ಇವರು ಮೂವರು ಹೆಂಗಸರು.
ನನ್ನೆದುರಿಗೆ ನಿಂತವಳು ಒಬ್ಬಳೇ.

ಕಾರವಾರದ ಶಾಲೆಯಲ್ಲಿ ಮಾಸ್ತರು ಕಿವಿ ಹಿಂಡಿ ಕಲಿಸಿದ್ದರು:
ಹಿಯರ್ ತಾನಾಗಿ ಆಗುತ್ತದೋ, ಲಿಸನ್ ನೀನು ಮಾಡಬೇಕು.
ಕಿವಿ ಉರಿದದ್ದು ನೆನಪಿದೆ.

"ಕೇಳಿದ್ನಿ ಅಂದ್ರೆ ಹೆಂಗ ಕೇಳಿದಿ?" ಕೇಳಿದೆ ನಾನು.
ದಡ್ಡನನ್ನು ನೋಡಿದ ಹಾಗೆ ನೋಡಿದಳು.
"ಬಾಯ್ ಬಿಟ್ಟs ಕೇಳಿದ್ನಿರಿ. ಗ್ವಾಡಿ ಸೀಳೈತಿ, ಬೀಳೂದಿಲ್ಲೇನು ಅಂತ.
ಹೇಳಿದಷ್ಟ ಕೇಳು, ಬುಟ್ಟಿ ಹೊರು, ಅಂದ.
ಕೇಳಿದ್ನಿ."

ಮೊದಲನೆಯದಕ್ಕೆ ಆಸ್ಕ್ಡ್ ಎಂದೆ.
ಕೊನೆಯದಕ್ಕೆ ಒಬೇಡ್ ಎಂಬ ನಾಲ್ಕನೆಯದನ್ನು ತಡಕಿ ತೆಗೆದೆ.
ಅದು ಬಾಯಿಂದ ಬಿದ್ದಾಗ ಸದ್ದೇ ಆಗಲಿಲ್ಲ.
ಅವಳ "ಕೇಳಿದ್ನಿ" ಆದರೆ
ಬಿದ್ದಲ್ಲೇ ಬಿದ್ದಿತ್ತು, ಇಟ್ಟಿಗೆಯ ಹಾಗೆ.

ತಂಗಿ ಗೋಡೆಯ ಬುಡಕ್ಕೇ ಯಾಕೆ ಕೂತಳು?
"ನೆಳ್ಳಿಗ್ರಿ. ರೊಟ್ಟಿ ತಿನ್ನಾಕ."
ಶೇಡ್, ಎಂದೆ.
ಸ್ಟೆನೋ ಶಿರೋಡ್ಕರ್ ಬಾಯಿ ಟೈಪಿಸಿದ್ದು ಶೆಡ್.
ಇಣುಕಿ ನೋಡಿ ಕೈ ಎತ್ತಿದೆ: ಶೆಡ್ ಅಲ್ಲ ಸ್ವಾಮಿ, ಶೇಡ್.
ಒಂದು ಅಕ್ಷರ ಅಳಿಸಿತು, ಒಂದು ಸೇರಿತು.
ಶೆಡ್ ಒಂದಿದ್ದಿದ್ದರೆ ನೆರಳಿಗೆ ಗೋಡೆ ಯಾಕೆ ಬೇಕಿತ್ತು
ಎಂಬುದು ಅನುವಾದದಲ್ಲಿ ಬರುವುದಿಲ್ಲ.
ಅದನ್ನು ನುಂಗಿಕೊಂಡೆ. ಭತ್ಯೆ ಇರುವುದು ಅದಕ್ಕೂ ಸೇರಿ.

ಊಟದ ಬಿಡುವಿನಲ್ಲಿ ನಿಘಂಟು ತೆರೆದೆ.
ಶೇಡ್, ಬಿಸಿಲಿಲ್ಲದ ಜಾಗ. ತಂಪು.
ಶಾಡೋ, ಅಡ್ಡ ನಿಂತದ್ದರ ಆಕಾರ.
ಒಂದು ಗಂಟೆಗೆ ಅವಳು ಕೂತದ್ದು ಶೇಡಿನಲ್ಲಿ, ಸರಿ.
ರೊಟ್ಟಿ ಮುರಿದು, ಚಟ್ನಿ ಹಚ್ಚಿ, ತಲೆಯೆತ್ತುವಷ್ಟರಲ್ಲಿ
ಅದು ಯಾವಾಗ ಶಾಡೋ ಆಯಿತು?
ಪುಟ ಮಗುಚಿದೆ. ಅಲ್ಲಿ ಬೇರೆ ಪದ ಶುರುವಾಗಿತ್ತು.

ಮೂರೂವರೆಗೆ ಮುಂದಿನ ತಾರೀಖು ಕೊಟ್ಟರು.
ಹಿಯರಿಂಗ್ ಎನ್ನುತ್ತಾರೆ ಅದನ್ನು.
ಲಿಸನಿಂಗ್ ಎಂದು ಬರೆದ ಬಾಗಿಲು
ಆ ಕಟ್ಟಡದಲ್ಲಿ ನಾನಂತೂ ನೋಡಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ನೀಲವ್ವ,
"ನಾ ಹೇಳಿದ್ದು ಅವರು ಕೇಳಿದ್ರೇನ್ರಿ?"

ಕೇಳಿದರು, ಎಂದೆ.
ಯಾವ ಕೇಳು ಅಂತ ಅವಳು ಕೇಳಲಿಲ್ಲ.
ಬಸ್ ಟಿಕೆಟಿನ ಬೆನ್ನಿಗೆ ತಾರೀಖು ಬರೆದುಕೊಟ್ಟೆ,
ಕನ್ನಡ ಅಂಕಿಯಲ್ಲಿ. ಜೂನ್ ೧೭.
ಅದನ್ನು ಕುಬುಸದೊಳಗೆ ಸಿಕ್ಕಿಸಿಕೊಂಡು
ಬಿಸಿಲಿಗೆ ಇಳಿದಳು.