ಬೆರಳಿಗೊಂದು ಮನಿ

ಟೈಪಿಂಗ್ ಕ್ಲಾಸಿನ ದೇಶಮುಖ ಮಾಸ್ತರು
ಬೆರಳಿಗೊಂದು ಮನಿ ಅದ ಅಂತಿದ್ರು.
ಕಿರುಬೆರಳಿಂದು ಎ, ಉಂಗುರದ ಬೆರಳಿಂದು ಎಸ್.
ಒಬ್ಬರ ಮನಿಗೊಬ್ಬರು ಕಾಲಿಟ್ರ
ಗೆಣ್ಣಿನ ಮ್ಯಾಲ ರೂಲು ಬೀಳತಿತ್ತು.

ಸೀನಿಯರ್ ಪಾಸಾಗಿ ಇಪ್ಪತ್ತೆರಡು ವರ್ಷ.
ಶಹಾಬಾದ ಸ್ಟೇಷನ್ ಮುಂದ ನನ್ನ ಅಂಗಡಿ.
ಹಗಲು ಪಹಣಿ, ಜಾತಿ ಸರ್ಟಿಫಿಕೇಟು, ಕೋರ್ಟಿನ ಅಫಿಡವಿಟ್ಟು.
ಸಂಜಿ ಆರರ ಮ್ಯಾಲ ಆಟದ ಹುಡುಗರು,
ತಾಸಿಗೆ ಮೂವತ್ತು,
ಬೈಗುಳಕ್ಕ ದಂಡ ಬ್ಯಾರೆ.

ಸಾಬಣ್ಣ ಬಂದಾಗ ಬಲಗೈಗೆ ಟವೆಲ್ ಸುತ್ತಿತ್ತು.
ಫರಸಿ ಪಾಲಿಶ್ ಮಾಡೋ ಮಿಷನ್ನು
ಮಣಿಕಟ್ಟಿನ ತನ ಒಯ್ದಿತ್ತು.
ನಾ ಕೇಳಲಿಲ್ಲ.
ಅವನೇ ಟವೆಲ್ ಬಿಚ್ಚಿ, ಮಡಚಿ,
ಮೊಂಡುಗೈ ಮೌಸಿನ ಬಾಜು ಇಟ್ಟ.
“ಅಕ್ಕ, ಇಷ್ಟರಾಗೇ ಆಡಲಕ್ಕ ಬರ್ತದೇನು?”

ಮೌಸಿಗೆ ರಬ್ಬರ್ ಬ್ಯಾಂಡು ಬಿಗದು ಮೊಂಡುಗೈಗೆ ಕಟ್ಟಿದೆವು,
ಚೂರು ಸರಿಸಿದ್ರ ಮಾರು ಓಡೋಹಂಗ ಅದರ ಚುರುಕು ಏರಿಸಿದೆವು.
ಕ್ಲಿಕ್ ಮಾಡೋ ಕೆಲಸ ಎಡಗಡೆಗೆ ಬಂತು:
ಗುಂಡು ಹಾರಿಸೋದು ಹೆಬ್ಬೆರಳಿನ ಪಾಲಿಗೆ,
ಜಿಗಿಯೋದು ವಿ ಮನಿಗೆ.
ಕೂತು ನಡಿಯೋದಕ್ಕ ಗುಂಡಿ ಹಿಡಕೊಂಡೇ ಇರಬೇಕಿತ್ತು,
ಒಮ್ಮಿ ಒತ್ತಿದ್ರ ಸಾಕು ಅಂತ ಬರಸಿದೆವು.
ಎಂಟು ವರ್ಷ ಮಿಷನ್ನಿನ ಸಪ್ಪಳ ತಿಂದು
ಬಲಗಿವಿ ಮಂದ ಆಗಿತ್ತು,
ಹೆಜ್ಜಿ ಸಪ್ಪಳ ಪರದೆ ಮ್ಯಾಲ ಬಾಣದ ಗುರುತಾಗಿ ಬರಲಿ ಅಂದೆವು.
ಬಂತು.
“ಖರೇ ಜಗತ್ತಿನಾಗೂ ಇದು ಇದ್ರ ಛಲೋ ಇತ್ತು,
ಸೈಕಲ್ ಮೋಟರ್ ಹಿಂದ ಬಂದಾಗ” ಅಂದ.

ಖಾತೆ ತೆರಿಯೋ ಮುಂದ ಪಾಸ್‌ವರ್ಡು ದೊಡ್ಡಕ್ಷರ ಕೇಳಿತು.
ಶಿಫ್ಟಿನ ಮ್ಯಾಲೊಂದು ಬೆರಳು, ಅಕ್ಷರದ ಮ್ಯಾಲೊಂದು,
ಏಡಿ ನಡದಂಗ ಅವನ ಕೈ.
ಆಗ ನೆನಪಾತು:
ಶಿಫ್ಟು ಐದು ಸಲ ಬಡದ್ರ ಮಿಷನ್ನು ಟೊಂಯ್ ಅಂತಿತ್ತು,
ಒಂದೊಂದೇ ಒತ್ತತೀರೇನು ಅಂತ ಕೇಳತಿತ್ತು.
ಹುಡುಗರು ಕಿರಿಕಿರಿ ಅಂದ್ರು ಅಂತ
ಆರೂ ಮಿಷನ್ನಿನಾಗ ನಾನೇ ಬಂದ್ ಮಾಡಿಟ್ಟಿದ್ದೆ,
ಐದು ಸಲ ಬಡದ್ರ ತೆರಿಯೋ ಬಾಗಿಲಕ್ಕ
ಹೊರಗಿಂದ ಕೀಲಿ ಜಡದಂಗ.

ಮೂರು ವಾರ ಛಲೋ ನಡೀತು.
ಒಂದಿನ ಗಫೂರನ ಮಗ ಅಯಾಜ
ನಾಲ್ಕನೇ ಮಿಷನ್ನಿನಾಗ ಏನೋ ತಡಕಾಡಿ
‘ಎಲ್ಲಾ ಮೊದಲಿನಂಗ ಮಾಡಲೇನು?’ ಅನ್ನೋದಕ್ಕ
ಓದದೇ ಹೌದು ಒತ್ತಿ ಎದ್ದು ಹೋಗಿದ್ದ.
ಸಾಬಣ್ಣ ಕೂತು ಹೆಬ್ಬೆರಳು ಒತ್ತಿದ,
ಗುಂಡು ಹಾರಿಸೋ ಬದಲು ಅವನ ಮನಷ್ಯಾ
ಬಯಲಾಗ ಕಪ್ಪಿಯಂಗ ಜಿಗದು ಸತ್ತ.
ಸುಮ್ಮನ ನೋಡಿದ. ಆಮ್ಯಾಲ ನಕ್ಕ:
“ಅಕ್ಕ, ಮಿಷನ್ನು ನನಗ ಎರಡೂ ಕೈ ವಾಪಸ್ ಕೊಟ್ಟದ.”
ಯಾರೂ ನಗಲಿಲ್ಲ.
ಅಯಾಜ ಹೆಡ್‌ಫೋನಿನ ವೈರು ಸುತ್ತಕೋತ ನಿಂತ.

ಅವತ್ತ ಟೈಪ್ ಮಾಡಿದೆ, ಕೋರ್ಟಿನ ಅಕ್ಷರದಾಗ:
ಸಾಬಣ್ಣ ತಂದೆ ಹಳ್ಳೆಪ್ಪ, ವಯಸ್ಸು ಇಪ್ಪತ್ತಾರು, ಸಾಕಿನ್ ಶಹಾಬಾದ,
ಈ ಮೂಲಕ ಪ್ರಮಾಣ ಮಾಡುವುದೇನೆಂದರೆ,
ಗುಂಡು: ಸ್ಪೇಸ್. ಜಿಗಿತ: ವಿ.
ಕುಳಿತು ನಡೆಯುವುದು: ಸಿ, ಒಮ್ಮೆ ಒತ್ತಿದರೆ ಸಾಕು.
ಯಾರೂ ಮೊದಲಿನಂತೆ ಮಾಡತಕ್ಕದ್ದಲ್ಲ.

ಠೇಕೇದಾರನ ಮ್ಯಾಲಿನ ಕೇಸಿಗೂ
ಅವನ ಅಫಿಡವಿಟ್ಟು ನಂದೇ ಟೈಪು.
ಅದರ ತಾರೀಖು ಆರನೇ ಸಲ ಮುಂದ ಹೋಗ್ಯದ.
ಇದು ನಾಲ್ಕನೇ ಮಿಷನ್ನಿನ ನೆತ್ತಿ ಮ್ಯಾಲ ಅಂಟಿಸಿದ್ದು,
ಅದೇ ಸಂಜಿ ಜಾರಿಗೆ ಬಂತು.

ನಿನ್ನೆ ಶಟರ್ ಎಳಿಯೋ ಮುಂಚೆ
ಬಲಗೈ ಉಡಿಯಾಗಿಟ್ಟು
ನನ್ನ ಹೆಸರು ಟೈಪ್ ಮಾಡಲಕ್ಕ ಕೂತೆ.
ಕ ಬಂತು. ಸ ಬಂತು, ಒತ್ತು ತ ಬಂತು.
ಕಸ್ತೂರಬಾಯಿಯ ದೀರ್ಘಕ್ಕ ಶಿಫ್ಟು ಬೇಕು,
ಬೆರಳು ಅಲ್ಲೇ ನಿಂತವು.
ರೂಲು ಬೀಳಲಿಲ್ಲ.
ಶಿಫ್ಟು ಐದು ಸಲ ಬಡದೆ.
ಟೊಂಯ್ ಅಂತು.
ಓದಿ ನೋಡಿ, ಹೌದು ಅಂದೆ.